ಮಿರ್ಜಾ ಸಾಹೇಬರ ಕೋಬಿಜ್ ಕಂಬಳಿ ಏರಿದ್ದು

ನಾರಾಯಣಖೇಡದಿಂದ ಜಹೀರಾಬಾದಿಗೆ ಹೋಗುವ ಬಂಡಿದಾರಿಯಲ್ಲಿ ನಮ್ಮ ಊರು ಕುರಿಹಾಳ. ನಿಜಾಮರ ಕಾಲದಲ್ಲಿ ಅದು ಮಿರ್ಜಾ ಕುದ್ರತುಲ್ಲಾ ಬೇಗ್ ಸಾಹೇಬರ ಜಾಗೀರು. ಮಗ ಹುಟ್ಟಿದ ಸಂತೋಷಕ್ಕೆ ಅವರ ತಂದೆ ಊರಿಗೆ ಕುದ್ರತಾಬಾದ್ ಎಂದು ಹೊಸ ಹೆಸರಿಟ್ಟಿದ್ದರು. ಆ ಹೊಸ ಹೆಸರು ಅವರ ದೇವಡಿಯ, ಅಂದರೆ ದೊಡ್ಡ ಮನೆಯ, ಬಾಗಿಲ ಮೇಲಿನ ಹಲಗೆಯಲ್ಲಿತ್ತು. ಹಳೆಯದು ಉಳಿದ ಎಲ್ಲ ಕಡೆ ಇತ್ತು. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ಊರನ್ನು ಕುರಿಹಾಳ ಎನ್ನದೆ ಇನ್ನೇನನ್ನಬೇಕು?

ಜಾಗೀರು ಅಂದ ಕೂಡಲೇ ಆನೆ ಅಂಬಾರಿ ನೆನೆಸಿಕೊಳ್ಳಬೇಡಿ. ಒಂದು ಊರು, ಒಂದು ಕೆರೆ, ದೇವಡಿಯ ಹಿಂದೆ ಬೇಲಿ ಹಾಕಿ ಕಾಯ್ದ ಹುಲ್ಲುಗಾವಲು, ಅದಕ್ಕೆ ರಮ್ನಾ ಅಂತ ಹೆಸರು, ಮತ್ತು ಬಾದಶಾಹ ಎಂಬ ಒಂದು ಮುದಿ ಕುದುರೆ. ಇಷ್ಟರಲ್ಲಿ ಮುಂದಕ್ಕೆ ಹೋಗಿ ದೊಡ್ಡ ಮನುಷ್ಯನಾಗುವುದು ಕಷ್ಟ. ಆದ್ದರಿಂದ ಮಿರ್ಜಾ ಸಾಹೇಬರು ಹಿಂದಕ್ಕೆ ಹೋಗಿ ದೊಡ್ಡವರಾಗಿದ್ದರು. ಅವರ ಮುತ್ತಜ್ಜ ಸಮರಕಂದದ ಆಚೆಯಿಂದ ಬಂದವರಂತೆ. ಅಲ್ಲಿ ಖಾನರ ದರ್ಬಾರಿನಲ್ಲಿ ಸಿಂಹಾಸನದ ಪಕ್ಕದಲ್ಲೇ ಕುಳಿತು ವಾದ್ಯ ನುಡಿಸುತ್ತಿದ್ದರಂತೆ. ಇದಕ್ಕೆ ಸಾಕ್ಷಿಯೆಂದರೆ ದಿವಾನಖಾನೆಯ ಗೋಡೆಗೆ ನೇತುಹಾಕಿದ್ದ ಕೋಬಿಜ್.

ಒಂದೇ ಮರದ ತುಂಡನ್ನು ಕೊರೆದು ಮಾಡಿದ ವಾದ್ಯ ಅದು. ನೋಡಲಿಕ್ಕೆ ಮದುವೆ ಮನೆಯ ದೊಡ್ಡ ಸೌಟು. ಆ ಸೌಟಿನ ಬಟ್ಟಲಿನ ಮೇಲಿನ ಅರ್ಧ ತೆರೆದೇ ಇರುತ್ತದೆ, ಕೆಳಗಿನ ಅರ್ಧಕ್ಕೆ ಚರ್ಮದ ಹೊದಿಕೆ. ಕುದುರೆ ಬಾಲದ ಕೂದಲಿನದೇ ಎರಡು ತಂತಿ, ಅದರ ಮೇಲೆ ಎಳೆಯುವ ಕಮಾನಿಗೂ ಕುದುರೆ ಕೂದಲೇ. ನಮ್ಮ ಕಾಲಕ್ಕೆ ಚರ್ಮವನ್ನು ಇಲಿಗಳೂ ತಂತಿಯನ್ನು ಹುಳುಗಳೂ ತಿಂದು ಮುಗಿಸಿದ್ದವು. ಗೋಡೆಯ ಮೇಲೆ ಉಳಿದದ್ದು ಕಟ್ಟಿಗೆ ಮತ್ತು ಕಥೆ.

ಕಥೆಗೆ ಒಂದೇ ಒಂದು ಅಡ್ಡಿ ಇತ್ತು. ಅದು ಮಿರ್ಜಾರ ತಾಯಿ, ಎಲ್ಲರ ಬಾಯಲ್ಲಿ ಅಮ್ಮಾಜಾನ್. ಬಶೀರಾಬಾದ್ ಕಡೆಯ ಹೆಣ್ಣುಮಗಳು, ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಬೈಯುತ್ತಿದ್ದರು. ಅವರಿಗೆ ಬೀಸಣಿಗೆ ಹಾಕುವ ಕೆಲಸ ನಮ್ಮ ಮೋನಮ್ಮನದು, ಹಾಗಾಗಿ ದೇವಡಿಯ ಒಳಗಿನ ಮಾತು ಸಂಜೆಯೊಳಗೆ ನಮ್ಮ ಕುರುಬರ ಹಟ್ಟಿಗೆ ಬರುತ್ತಿತ್ತು. ಮಿರ್ಜಾ ಸಾಹೇಬರು ಬಂದವರ ಮುಂದೆ ಸಿಂಹಾಸನದ ಕಥೆ ತೆಗೆದರೆ ಪರದೆಯ ಹಿಂದಿನಿಂದ ಅಮ್ಮಾಜಾನ್ ಹೇಳುತ್ತಿದ್ದರು:

"ನಿನ್ನ ಮುತ್ತಜ್ಜನ ಹತ್ರ ಕುರಿ ವಾಸನಿ ಬರ್ತಿತ್ತು ಬೇಟಾ. ನಾ ಸೊಸಿಯಾಗಿ ಬಂದಾಗ ಮೂಗು ಮುಚ್ಕೊಂಡೇ ಸಲಾಂ ಮಾಡೀನಿ."

"ಅಮ್ಮಾಜಾನ್‌ಗ ವಯಸ್ಸಾಗ್ಯಾದ," ಎಂದು ಮಿರ್ಜಾ ಸಾಹೇಬರು ಬಂದವರಿಗೆ ಪಾನ್ ಕೊಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹೈದರಾಬಾದಿನಿಂದ ಸುದ್ದಿ ಬಂತು. ತೂರಾನ್ ದೇಶದಿಂದ, ಅಂದರೆ ಆ ಸಮರಕಂದದ ಕಡೆಯಿಂದ, ಬಂದ ಮನೆತನಗಳದ್ದೇ ಒಂದು ಕೂಟ ಅಲ್ಲಿತ್ತು. ಅದರ ಹಿರಿಯರಾದ ಒಬ್ಬ ನವಾಬರು ಶಿಕಾರಿಗೆ ಈ ಕಡೆ ಬರುತ್ತಾರೆ, ಬಂದಾಗ ಕೋಬಿಜ್ ನೋಡುತ್ತಾರೆ, ಮನೆತನ ಹೌದು ಅನಿಸಿದರೆ ಮಿರ್ಜಾರಿಗೂ ಕೂಟದಲ್ಲಿ ಒಂದು ಕುರ್ಚಿ. ಮಿರ್ಜಾ ಸಾಹೇಬರು ಇಡೀ ಆಯುಷ್ಯ ಕಾದಿದ್ದು ಈ ಕುರ್ಚಿಗೆ. ದೇವಡಿಯಲ್ಲಿ ಕುರ್ಚಿ ಬೇಕಾದಷ್ಟಿದ್ದವು, ಅದು ಬೇರೆ ಮಾತು.

ಸುದ್ದಿ ಬಂದ ಮರುದಿನವೇ ಶಿಕಾರಿಗೆಂದು ರಮ್ನಾ ಬಾಗಿಲು ಹಾಕಿಸಿದರು. ನವಾಬರಿಗೆ ಕುರ್ಚಿ ಕೊಡುವ ಅಧಿಕಾರವಿದ್ದರೆ ನಮಗೇನು? ನಮಗೆ ಹುಲ್ಲು ಬೇಕು. ಬೇಸಿಗೆಯಲ್ಲಿ ಕುರಿಹಾಳದ ಕುರಿಗೆ ಆ ರಮ್ನಾ ಬಿಟ್ಟರೆ ಇರುವುದು ಕರಿಕಲ್ಲು ಮಾತ್ರ. ಹಿಂದೆಲ್ಲ ಮಳೆಗಾಲದವರೆಗೆ ಅಲ್ಲಿ ಮೇಯಿಸುವುದು ರೂಢಿ. ಈಗ ಒಬ್ಬ ಮನುಷ್ಯನ ಮುತ್ತಜ್ಜನ ಸಲುವಾಗಿ ಊರಿನ ಹಿಂಡೆಲ್ಲ ಉಪವಾಸ.

ಹಟ್ಟಿಯ ಹಿರಿಯಳು ಗುಂಡಮ್ಮ. ಅವಳು ತನ್ನ ತಮ್ಮ ಖಂಡೆಪ್ಪನನ್ನು ಕರೆದುಕೊಂಡು ದೇವಡಿಗೆ ಹೋದಳು.

"ಸಾಹೇಬ್ರ, ರಮ್ನಾ ಬಾಗಿಲ ತೆಗೀರಿ. ಕುರಿ ಹಸ್ದು ಒಂದರ ಮೈಮ್ಯಾಲಿನ ಕೂದಲ ಒಂದು ತಿನ್ನಾಕ ಹತ್ಯಾವ."

"ನವಾಬ್ ಸಾಹೇಬ್ರು ಬರೋತನಕ ಒಂದು ಕುರಿ ಕಾಲಿಡಬಾರ್ದು. ಶಿಕಾರಿ ಆಗಬೇಕಾಗ್ಯಾದ."

"ಎರಡು ಮೊಲ ಬಿಟ್ರ ಅಲ್ಲೇನದ್ರಿ ಶಿಕಾರಿಗಿ?"

ಮಿರ್ಜಾ ಸಾಹೇಬರ ಗಮನ ಗೋಡೆಯ ಕಡೆ ಇತ್ತು. ಜಹೀರಾಬಾದಿನ ಜೀನಗಾರ, ಬೀದರಿನ ಬಡಗಿ, ತಾಂಡೂರಿನ ಒಬ್ಬ ಸಾರಂಗಿಯವನು, ಎಲ್ಲರೂ ಕೋಬಿಜ್ ನೋಡಿ ಇದರ ರಿಪೇರಿ ನಮ್ಮಿಂದಾಗದು ಎಂದು ಕೈ ಮುಗಿದು ಹೋಗಿದ್ದರು. ಆಗ ಮುನ್ಷಿ ಕಲ್ಯಾಣಪ್ಪ ಬಗ್ಗಿ ಹೇಳಿದ: "ಹುಜೂರ್, ಚರ್ಮದ ಕೆಲಸ, ಕೂದಲದ ಕೆಲಸ ಇವರದೇ. ಡೊಳ್ಳಿಗಿ ಚರ್ಮ ಹೊದಿಸೋರು ಇವರೇ."

ಮಿರ್ಜಾ ಸಾಹೇಬರು ಮೀಸೆಯ ಮೇಲೆ ಕೈ ಇಟ್ಟು ಹೇಳಿದರು: "ಇದು ದನಿ ತೆಗೀಲಿ. ಅವತ್ತೇ ರಮ್ನಾ ನಿಮ್ದು."

ಗುಂಡಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಖಂಡೆಪ್ಪ ಮೇಕೆ ಮರಿಯ ಚರ್ಮ ನೆನೆಹಾಕಿ, ಕೂದಲು ಹೆರೆದು, ಬಟ್ಟಲಿನ ಕೆಳಭಾಗಕ್ಕೆ ಎಳೆದು ಬಿಗಿದು ನೆರಳಲ್ಲಿ ಒಣಗಿಸಿದ. ತಂತಿಗೆ ಬಾದಶಾಹನ ಬಾಲವೇ ಗತಿ. ತಂತಿಗೆ ಒಂದು ಹಿಡಿ, ಕಮಾನಿಗೆ ಒಂದು ಹಿಡಿ ಕಿತ್ತ ಮೇಲೆ ಆ ಬಾಲದಿಂದ ನೊಣ ಓಡಿಸುವುದೂ ಆಗದಂತಾಯಿತು. ಜಾಗೀರದಾರರ ಕುದುರೆ ಬೋಳು ಬಾಲದಲ್ಲಿ ನವಾಬರೆದುರು ನಿಲ್ಲಬಾರದೆಂದು ಕಲ್ಯಾಣಪ್ಪ ಅದಕ್ಕೆ ಕರಿಕುರಿಯ ಉಣ್ಣೆಯ ಕುಚ್ಚು ಕಟ್ಟಿಸಿದ. ಇಷ್ಟಾದರೂ ಕಮಾನು ತಂತಿಯ ಮೇಲೆ ಸುಮ್ಮನೆ ಜಾರುತ್ತಿತ್ತು. ಅಮ್ಮಾಜಾನ್ ಮೋನಮ್ಮನ ಕೈಯಲ್ಲಿ ಹೇಳಿಕಳಿಸಿದರು: "ಆ ಖಂಡ್ಯಾಗ ಹೇಳು, ಕಮಾನಿಗಿ ರಾಳ ತಿಕ್ಕು ಅಂತ. ಮುದುಕ ಹಂಗೇ ಮಾಡ್ತಿದ್ದ."

ಖಂಡೆಪ್ಪ ರಾಳ ತಿಕ್ಕಿ, ಬಿಗಿ ನೋಡಲಿಕ್ಕೆ ಅಂತ ಹಟ್ಟಿಯ ಮುಂದೆ ಕುಳಿತು ಒಮ್ಮೆ ಎಳೆದ. ತಾಯಿ ತಪ್ಪಿಸಿಕೊಂಡ ಕುರಿಮರಿ ದೂರದಲ್ಲಿ ಕೂಗಿದ ಹಾಗೆ ದನಿ ಬಂತು. ಹಿಂಡಿನ ಕುರಿಗಳೆಲ್ಲ ತಲೆ ಎತ್ತಿದವು. ನಮಗೂ ಎದೆಯಲ್ಲಿ ಏನೋ ಆಯಿತು, ಸುಳ್ಳೇಕೆ ಹೇಳಲಿ. ಗುಂಡಮ್ಮ ಮಾತ್ರ ತಡಮಾಡಲಿಲ್ಲ. "ದನಿ ಬಂತು. ರಮ್ನಾ ನಮ್ದು," ಎಂದವಳೇ ಎದ್ದು ನಿಂತಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಡೊಳ್ಳಿಗೆ ಹೊಸ ಚರ್ಮ ಹೊದಿಸಿದರೆ ಹಾಗೇ ಬಾರಿಸುವುದಿಲ್ಲ. ಕರಿ ಕಂಬಳಿ ಹಾಸಿ ಗದ್ದಿಗೆ ಮಾಡಿ, ಡೊಳ್ಳನ್ನು ಅದರ ಮೇಲೆ ಕೂಡಿಸಿ, ಭಂಡಾರ ಅಂದರೆ ಅರಿಸಿನದ ಪುಡಿ ಹಾರಿಸುತ್ತೇವೆ. ಆಮೇಲೆ ಅದರ ನೆತ್ತಿಯ ಮೇಲೆ ಒಂದು ಹೂ ಇಟ್ಟು ಕಾಯುವುದು. ಹೂ ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತು, ಬಾರಿಸಬಹುದು. ಎಡಕ್ಕೆ ಬಿದ್ದರೆ ಇನ್ನೊಮ್ಮೆ ಬೇಡಿಕೊಳ್ಳಬೇಕು. ನಮ್ಮ ದೇವರು ಅಪ್ಪಣೆ ಕೊಡುವುದರಲ್ಲಿ ಜಾಗೀರದಾರರಷ್ಟು ಸತಾಯಿಸುವುದಿಲ್ಲ, ಬೀಡಿ ಸೇದಿ ಮುಗಿಸುವುದರೊಳಗೆ ಬೀಳಿಸಿಬಿಡುತ್ತದೆ. ಚರ್ಮ ಹೊದಿಸಿದ ಮೇಲೆ ಕೋಬಿಜ್‌ಗೂ ಇದು ಆಗಲೇಬೇಕಲ್ಲ. ಗದ್ದಿಗೆ ಬನ್ನಿ ಮರದ ಕೆಳಗೇ ಆಗಬೇಕೆಂದು ಗುಂಡಮ್ಮ ಹಟ ಹಿಡಿದಳು. ಊರಲ್ಲಿ ಬನ್ನಿ ಮರ ಇದ್ದದ್ದು ರಮ್ನಾದ ನಟ್ಟನಡುವೆ.

ಹಾಗಾಗಿ ಒಂದು ಬೆಳಿಗ್ಗೆ ಹಿಂಡು, ಹಟ್ಟಿ, ಕಂಬಳಿ, ಕೋಬಿಜ್ ಎಲ್ಲವೂ ರಮ್ನಾದೊಳಗೆ ನಡೆದವು. ಖಂಡೆಪ್ಪ ಗದ್ದಿಗೆ ಹಾಸಿ, ಕೋಬಿಜ್ ನಿಲ್ಲಿಸಿ, ಭಂಡಾರ ಹಾರಿಸಿ, ನೆತ್ತಿಯ ಮೇಲೆ ಕಣಗಿಲೆ ಹೂ ಇಟ್ಟ. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಉದ್ದ ಕತ್ತಿನ ಮೇಲೆ ಜಾರಿ ಬಂದು ತೆರೆದ ಬಟ್ಟಲಿನೊಳಗೆ ಕೂತಿತು.

ಖಂಡೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಹೂ ಮಡಿಲಾಗ ಹಾಕ್ಕೊಂಡಾನ. ಇವ ಏಳಾವ ಅಲ್ಲ. ಇಲ್ಲೇ ಕುಂತಾನ."

ಬಟ್ಟಲು ತೆರೆದಿದ್ದರೆ ಹೂ ಒಳಗೆ ಬೀಳದೆ ಇನ್ನೆಲ್ಲಿ ಬೀಳಬೇಕು ಎಂದು ಕೇಳುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ. ಮುಚ್ಚಿದ ಹುಲ್ಲುಗಾವಲಿನ ನಡುವೆ ತಾನಾಗಿ ಬಂದು ಕೂತ ದೇವರನ್ನು ಯಾವ ಕುರಿಗಾರ ಎಬ್ಬಿಸುತ್ತಾನೆ? ಮಧ್ಯಾಹ್ನದೊಳಗೆ ದೇವರಿಗೆ ಸೌಟಪ್ಪ ಎಂದು ಹೆಸರೂ ಬಿತ್ತು.

ಮಿರ್ಜಾ ಸಾಹೇಬರು ಸಿಟ್ಟಿನಿಂದ ಓಡಿ ಬಂದರು. ಕೋಬಿಜ್ ಎತ್ತಿಕೊಳ್ಳಿ ಎಂದರೆ ಜವಾನರು ಒಬ್ಬರ ಮುಖ ಒಬ್ಬರು ನೋಡಿದರು, ಅವರೂ ಇದೇ ಊರಿನವರಲ್ಲವೆ. ಕೊನೆಗೆ ಸಾಹೇಬರೇ ಕೈ ಚಾಚಿದರು. ಅರಿಸಿನ ಮೆತ್ತಿದ ಆ ಬಟ್ಟಲಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಅವರು ಸಣ್ಣವರಿದ್ದಾಗ ಜ್ವರ ಬಂದರೆ ಅಮ್ಮಾಜಾನ್ ಇದನ್ನು ಗೋಡೆಯಿಂದ ಇಳಿಸಿ ದಿಂಬಿನ ಪಕ್ಕ ಮಲಗಿಸುತ್ತಿದ್ದರು ಎಂದು ಮೋನಮ್ಮ ಆಮೇಲೆ ಹೇಳಿದಳು. ಸಾಹೇಬರಿಗೆ ಅಂದು ಹೆದರಿಕೆಯಾಯಿತು, ನಾವು ಕಣ್ಣಾರೆ ಕಂಡೆವು.

"ಇದನ್ನ ಎಬ್ಬಸಾಕ ಏನ್ ಮಾಡಬೇಕು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಮಡಿಲಾಗಿನ ಹೂ ಬ್ಯಾರೆಯವ್ರು ಮುಟ್ಟಂಗಿಲ್ರಿ," ಎಂದ ಖಂಡೆಪ್ಪ. "ಇವನ ರಕ್ತದವ್ರು ಬಂದು, ತಲಿಮ್ಯಾಲಿನದು ತೆಗದು, ಕಂಬಳಿ ಮ್ಯಾಲ ಕುಂತು, ನಾ ಇವನ ವಂಶದವ ಅಂತ ಬಾಯಿಬಿಟ್ಟು ಹೇಳಿ ತೆಗೀಬೇಕು. ಆಮ್ಯಾಲ ಬಾರಸಬಹುದು."

"ಕುರಿ ಕಂಬಳಿ ಮ್ಯಾಲ? ನಾನು?"

"ವಂಶದವ್ರು ಯಾರರೆ ಇದ್ರ ಅಂದೆನ್ರಿ."

ಸಿಂಹಾಸನದ ಪಕ್ಕ ಕೂತವರ ಮರಿಮೊಮ್ಮಗ ಹಿಕ್ಕೆ ಬಿದ್ದ ಕಂಬಳಿಯ ಮೇಲೆ ಟೋಪಿ ತೆಗೆದು ಕೂರುವುದೇ? ಆ ಮಾತು ಹೈದರಾಬಾದಿಗೆ ಮುಟ್ಟಿದರೆ? ಸಾಹೇಬರು ತಿರುಗಿ ಹೋದರು. ವಾದ್ಯ ಅಲ್ಲೇ ಇರಲಿ, ತೂರಾನಿ ವಾದ್ಯಕ್ಕೆ ಬಯಲು ಗಾಳಿ ಒಳ್ಳೆಯದು ಎಂದು ನವಾಬರಿಗೆ ಹೇಳಿದರಾಯಿತು ಎಂದು ದಾರಿಯಲ್ಲಿ ಕಲ್ಯಾಣಪ್ಪ ಸಮಾಧಾನ ಹೇಳಿದ. ಹಿಂಡಿನ ಮಾತನ್ನು ಯಾರೂ ಎತ್ತಲಿಲ್ಲ, ಕುರಿಗಳು ಮೇಯುತ್ತಲೇ ಇದ್ದವು. ಆದರೆ ನವಾಬರು ಬಂದು ಹೋದ ಮೇಲೆ ನಮ್ಮನ್ನು ಅಲ್ಲಿಂದ ಓಡಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ನವಾಬರು ಬಂದರು. ದಪ್ಪ, ನಗುಮುಖ, ಮೂರು ಹೆಜ್ಜೆಗೊಮ್ಮೆ ಸುಧಾರಿಸಿಕೊಳ್ಳುವ ಮನುಷ್ಯ. ಅವರ ಜೊತೆಗೆ ಕುದುರೆ ಪಳಗಿಸುವ ತೋಖ್ತಾರ್ ಎಂಬ ಮುದುಕ. ಅವನು ಮಾತ್ರ ನಿಜವಾಗಿ ಆ ದೇಶದವನು, ರಶಿಯಾದ ಗಲಾಟೆಯಲ್ಲಿ ಎಲ್ಲ ಕಳಕೊಂಡು ಕಾಬೂಲು ಪೇಶಾವರ ದಾಟಿ ಹೈದರಾಬಾದಿನ ಲಾಯ ಸೇರಿದ್ದ. ಅವನು ಮೊದಲು ಬಾದಶಾಹನ ಬಾಲ ಮುಟ್ಟಿ ನೋಡಿದ. ಉಣ್ಣೆಯ ಕುಚ್ಚು ಕೈಗೆ ಬಂತು. ಅದನ್ನು ಕಲ್ಯಾಣಪ್ಪನ ಕೈಯಲ್ಲಿ ಇಟ್ಟ.

ರಮ್ನಾಕ್ಕೆ ಎಲ್ಲರೂ ನಡೆದರು. ಮಿರ್ಜಾ ಸಾಹೇಬರು ಶುದ್ಧ ಉರ್ದುವಿನಲ್ಲಿ ಖಾನರು, ದರ್ಬಾರು, ಸಿಂಹಾಸನ ಎಲ್ಲ ಶುರು ಮಾಡಿದ್ದರು. ಕಲ್ಯಾಣಪ್ಪ ಅದನ್ನು ನಮಗೆ ಕನ್ನಡದಲ್ಲಿ ಪಿಸುಗುಡುತ್ತಿದ್ದ. ಸಿಂಹಾಸನದವರೆಗೆ ಬರುವಷ್ಟರಲ್ಲಿ ತೋಖ್ತಾರ್ ಗದ್ದಿಗೆಯನ್ನು ಕಂಡ. ಜೋಡು ಕಳಚಿದ, ನೆಲದ ಮೇಲೆ ಕುಳಿತ, ಕರಿ ಕಂಬಳಿಯನ್ನು ಎರಡೂ ಕೈಯಿಂದ ಸವರಿದ. ಆಮೇಲೆ ಅಳತೊಡಗಿದ. ದೊಡ್ಡ ಮನುಷ್ಯರ ಮುಂದೆ ಅಳುತ್ತಿದ್ದೇನೆಂಬ ನಾಚಿಕೆಯೂ ಅವನಿಗಿರಲಿಲ್ಲ.

"ಏನಾಯಿತಪ್ಪ?" ಎಂದರು ನವಾಬರು.

"ನಮ್ಮಲ್ಲೂ ಹೀಗೇ ಇಡುತ್ತಾರೆ ಹುಜೂರ್," ಎಂದ ತೋಖ್ತಾರ್ ಹರಕು ಉರ್ದುವಿನಲ್ಲಿ. "ಉಣ್ಣೆಯ ಕಂಬಳಿಯ ಮೇಲೆ. ಕಂಡವರು ಮುಟ್ಟುವುದಿಲ್ಲ. ಕುರಿ ಕಾಯುವವರಲ್ಲಿ ಒಂದೊಂದು ಮನೆತನಕ್ಕೆ ಇದು ಬರುತ್ತದೆ. ಮಕ್ಕಳಿಗೆ ಜ್ವರ ಬಂದರೆ, ಕುರಿಗೆ ರೋಗ ಬಂದರೆ ಅವರನ್ನು ಕರೆದು ಬಾರಿಸುತ್ತಾರೆ. ನನ್ನ ತಾಯಿ ಸಾಯುವಾಗ ಬಾರಿಸಿದ್ದರು."

"ದರ್ಬಾರಿನಲ್ಲಿ?"

"ದರ್ಬಾರಿನವರು ಇದನ್ನು ಬಾಗಿಲೊಳಗೆ ಬಿಡುವುದಿಲ್ಲ. ಕುರಿ ವಾಸನೆ ಅನ್ನುತ್ತಾರೆ."

ನವಾಬರು ಹುಬ್ಬೇರಿಸಿ ನಕ್ಕರು. "ಹಾಗಾದರೆ ಮಿರ್ಜಾ ಸಾಹೇಬ್, ನಿಮ್ಮ ಮುತ್ತಜ್ಜ ಯಾರಿಗೆ ಬಾರಿಸುತ್ತಿದ್ದರು? ಖಾನರಿಗೋ, ಕುರಿಗಳಿಗೋ?"

ಕುರ್ಚಿ ಕೈ ತಪ್ಪುವುದು ಮಿರ್ಜಾ ಸಾಹೇಬರಿಗೆ ಎದುರಿಗೇ ಕಾಣುತ್ತಿತ್ತು. ಒಮ್ಮೆ ಕೋಬಿಜ್ ನೋಡಿದರು, ಒಮ್ಮೆ ನವಾಬರನ್ನು ನೋಡಿದರು.

"ತಪ್ಪು ತಿಳಿದಿರಿ ಹುಜೂರ್," ಎಂದರು. "ಇದು ನಮ್ಮದಲ್ಲವೇ ಅಲ್ಲ. ಇದು ಈ ಕುರುಬರ ದೇವರು. ಜಾಗೀರಿನಲ್ಲಿ ಇಂಥದೊಂದು ಸೋಜಿಗ ಇದೆಯೆಂದು ತೋರಿಸಲಿಕ್ಕೆ ಕರೆತಂದೆ. ನಮ್ಮ ಅಜ್ಜನ ಕಾಲದಿಂದ ಇವರು ಇದೇ ಮರದ ಕೆಳಗೆ ಪೂಜೆ ಮಾಡಿಕೊಂಡು ಬಂದಿದ್ದಾರೆ. ನಮ್ಮ ಕೋಬಿಜ್ ಬೇರೆ. ಬೆಳ್ಳಿ ಕೆತ್ತನೆಯದು. ರಿಪೇರಿಗೆ ಬೀದರಿಗೆ ಹೋಗಿದೆ."

ಕಲ್ಯಾಣಪ್ಪ ಪಿಸುಗುಟ್ಟುವುದನ್ನು ಮುಗಿಸುವ ಮೊದಲೇ ಗುಂಡಮ್ಮ ಮುಂದೆ ಬಂದು ಸೆರಗು ಹೊದ್ದು ಕೈ ಮುಗಿದಳು. "ಖರೇ ಅದರಿ. ಸಾಹೇಬ್ರ ಅಜ್ಜನ ಕಾಲದಿಂದ ಸೌಟಪ್ಪ ಇಲ್ಲೇ ಕುಂತಾನ, ನಮ್ಮ ಕುರಿ ಇಲ್ಲೇ ಮೇಯ್ತಾವ."

ನವಾಬರು ಇನ್ನೊಬ್ಬರ ಆಸ್ತಿಯ ವಿಷಯದಲ್ಲಿ ಬಹಳ ಉದಾರಿ. "ಪೂಜೆಯ ಜಾಗದಲ್ಲಿ ಬೇಟೆ ಬೇಡ," ಎಂದರು. "ಇಷ್ಟು ವರ್ಷ ಇವರನ್ನು ಇಲ್ಲಿ ಇಟ್ಟುಕೊಂಡಿರಲ್ಲ ಮಿರ್ಜಾ ಸಾಹೇಬ್, ಇದೇ ಖಾನದಾನಿ ಗುಣ. ಇನ್ನು ಮುಂದೆಯೂ ಈ ಬಾಗಿಲು ಮುಚ್ಚಬೇಡಿ. ಹೈದರಾಬಾದಿನಲ್ಲಿ ಎಲ್ಲರಿಗೂ ಹೇಳುತ್ತೇನೆ." ಮಿರ್ಜಾ ಸಾಹೇಬರು ಬಗ್ಗಿ ಸಲಾಂ ಮಾಡಿದರು. ಅವರಿಗೆ ಕುರ್ಚಿ ಸಿಕ್ಕಿತು, ನಮಗೆ ಹುಲ್ಲು ಸಿಕ್ಕಿತು. ತೋಖ್ತಾರ್ ಮಾತ್ರ ಹೋಗುವಾಗ ತಿರುಗಿ ತಿರುಗಿ ನೋಡುತ್ತಾ ಹೋದ.

ಆಮೇಲೆ ಬೀದರಿನಲ್ಲಿ ಒಂದು ಕೋಬಿಜ್ ಹುಟ್ಟಲೇಬೇಕಾಯಿತು. ಬಿದರಿ ಕೆಲಸದವರು ಕರಿ ಲೋಹದಲ್ಲಿ ಎರಕ ಹೊಯ್ದು, ಬೆಳ್ಳಿ ಎಳೆಯ ಬಳ್ಳಿ ಹೂ ತುಂಬಿ ಕೊಟ್ಟರು. ಬಹಳ ಚಂದ ಇತ್ತು. ಇಬ್ಬರು ಎತ್ತಿ ಗೋಡೆಗೆ ಹಾಕಬೇಕು, ಬಾರಿಸಿದರೆ ಸೌದೆ ಒಡೆದ ಸದ್ದು. ಕೂಟದಿಂದ ಬಂದವರೆಲ್ಲ ಇದೇ ನಿಜವಾದ ದರ್ಬಾರಿ ವಾದ್ಯ ಎಂದು ತಲೆದೂಗಿದರು. ಪರದೆಯ ಹಿಂದಿನಿಂದ ಅಮ್ಮಾಜಾನ್ ಒಮ್ಮೆಯೂ ಏನೂ ಅನ್ನಲಿಲ್ಲ. ಅವರು ಮಾತು ಬಿಟ್ಟದ್ದನ್ನು ಕಂಡು ನಮಗೇ ಕಸಿವಿಸಿಯಾಯಿತು.

ಮುಂದಿನ ಬೇಸಿಗೆಗೆ ಅಮ್ಮಾಜಾನ್ ಹಾಸಿಗೆ ಹಿಡಿದರು. ಔಷಧ ಬೇಡ, ಹಕೀಮ ಬೇಡ. ಕಿಟಕಿ ತೆಗೆಸಿ ರಮ್ನಾದ ಕಡೆ ಮುಖ ಮಾಡಿ ಮಲಗಿ ಒಂದೇ ಮಾತು: "ಮುದುಕಂದು ಒಂದು ಸಲ ಕೇಳಸ್ರಿ."

ಒಂದು ಮಧ್ಯಾಹ್ನ ಮಿರ್ಜಾ ಸಾಹೇಬರು ರಮ್ನಾಕ್ಕೆ ನಡೆದು ಬಂದರು. ಹಿಂದೆ ಛತ್ರಿ ಹಿಡಿದು ಕಲ್ಯಾಣಪ್ಪ. ಗದ್ದಿಗೆಯ ಮೇಲೆ ಸೌಟಪ್ಪ ಹಾಗೇ ಇದ್ದ, ಮಡಿಲಲ್ಲಿ ಕಣಗಿಲೆ ಹೂ ಒಣಗಿ ಕಪ್ಪಾಗಿತ್ತು.

"ಅಮ್ಮಾಜಾನ್ ಕೇಳಾಕ ಹತ್ಯಾರ, ಗುಂಡಮ್ಮ," ಎಂದರು. "ಒಂದು ಸಲ ಬಾರಸಾಕ ಹೇಳು."

"ಹೂ ಹಂಗೇ ಅದರಿ," ಎಂದಳು ಗುಂಡಮ್ಮ. "ರಕ್ತದವ್ರು ಬರಬೇಕು."

ಸಾಹೇಬರು ಆ ಕಂಬಳಿಯ ಮೇಲೆ ಕೂತು ವಂಶ ಹೇಳಿದರೆ ಸೌಟಪ್ಪ ದೇವಡಿಯವನಾಗುತ್ತಾನೆ. ಅಜ್ಜನ ಕಾಲದಿಂದ ಇಲ್ಲೇ ಇದ್ದ ಎಂದದ್ದು ಸುಳ್ಳಾಗುತ್ತದೆ, ರಮ್ನಾದ ಬಾಗಿಲು ಮತ್ತೆ ಬೀಳುತ್ತದೆ. ಗುಂಡಮ್ಮನಿಗೆ ಇದು ತಿಳಿಯದ್ದೇನಲ್ಲ. ಅವಳ ಬೆನ್ನ ಹಿಂದೆ ಕುರಿಮರಿಗಳು ಹುಲ್ಲು ಹರಿಯುತ್ತಿದ್ದವು. ಎದುರಿಗೆ ಅರವತ್ತರ ಹತ್ತಿರದ ಮನುಷ್ಯ ತಾಯಿ ಸಾಯುತ್ತಾಳೆಂದು ಕಣ್ಣು ತುಂಬಿಕೊಂಡು ನಿಂತಿದ್ದ.

"ಮುನ್ಷೇರ," ಎಂದು ಗುಂಡಮ್ಮ ಕೂಗಿದಳು, "ಆ ಕಡಿ ಜಾಲಿ ಮುಳ್ಳಾಗ ಒಂದು ಕುರಿ ಸಿಕ್ಕದ, ಸ್ವಲ್ಪ ಬಿಡಸ್ರಿ." ಕಲ್ಯಾಣಪ್ಪ ಛತ್ರಿ ಸಮೇತ ಆ ಕಡೆ ಹೋದ. "ಖಂಡ್ಯಾ, ನೀ ಕುರಿಗಿ ನೀರು ತೋರಸು. ಉಳಿದವ್ರೆಲ್ಲ ಬೇಲಿ ಆಚಿ ನಡೀರಿ." ಆಮೇಲೆ ತಾನೂ ಗದ್ದಿಗೆಗೆ ಬೆನ್ನು ತಿರುಗಿಸಿ ನಿಂತಳು. "ಈಗ ಇಲ್ಲಿ ಯಾರೂ ಇಲ್ರಿ ಸಾಹೇಬ್ರ. ಕುರಿ ಅವ. ಅವು ಸಾಕ್ಷಿ ಹೇಳಾಕ ಬರಂಗಿಲ್ಲ."

ಬೇಲಿಯ ಆಚೆ ನಿಂತಿದ್ದ ನಾವು ಯಾರೂ ಏನೂ ಕೇಳಲಿಲ್ಲ. ಸಾಹೇಬರು ಟೋಪಿ ತೆಗೆದು, ಕಂಬಳಿಯ ಮೇಲೆ ಕೂತು ಹೇಳಿದ್ದು ಇಷ್ಟೇ: "ನಾ ಕುದ್ರತುಲ್ಲಾ. ನಿನ್ನ ಮರಿಮೊಮ್ಮಗ. ಕುರಿ ಕಾಯೋರ ವಂಶದವ."

ಮಡಿಲಿನ ಹೂವನ್ನು ತೆಗೆದು ಟೋಪಿಯಲ್ಲಿ ಹಾಕಿಕೊಂಡರು. ಕಮಾನು ಹಿಡಿಯುವುದೂ ಅವರಿಗೆ ಗೊತ್ತಿರಲಿಲ್ಲ. ಎಳೆದರು, ಜಾರಿತು. ಮತ್ತೆ ಎಳೆದರು. ಆಗ ಆ ಕುರಿಮರಿಯ ಕೂಗು ಎದ್ದು ಹುಲ್ಲಿನ ಮೇಲಿಂದ ದೇವಡಿಯ ಕಿಟಕಿಯ ಕಡೆ ಹೋಯಿತು. ಬಹಳ ಹೊತ್ತು ಎಳೆಯುತ್ತಲೇ ಇದ್ದರು. ಸ್ವರವಿಲ್ಲ, ತಾಳವಿಲ್ಲ. ನಾವು ಅತ್ತೆವು.

ಸಾಹೇಬರು ದೇವಡಿಗೆ ಮರಳಿ ಹೋಗಿ ತಾಯಿಯ ಪಕ್ಕ ಕುಳಿತಾಗ ಮೋನಮ್ಮ ಬೀಸಣಿಗೆ ಹಿಡಿದು ಅಲ್ಲೇ ಇದ್ದಳು.

"ಯಾರು ಬಾರಸಿದ್ದು?" ಎಂದರು ಅಮ್ಮಾಜಾನ್.

"ಕುರಿ ಕಾಯವ್ರು ಯಾರೋ, ಅಮ್ಮಾಜಾನ್."

ಅಮ್ಮಾಜಾನ್ ಮಗನ ತೋಳನ್ನು ಮೂಗಿನ ಹತ್ತಿರ ಎಳೆದುಕೊಂಡರು. "ನಿನ್ನ ಹತ್ರ ಕುರಿ ವಾಸನಿ ಬರ್ತದ ಬೇಟಾ," ಎಂದು ಕಣ್ಣು ಮುಚ್ಚಿದರು. ಅಮ್ಮಾಜಾನ್‌ಗೆ ವಯಸ್ಸಾಗಿದೆ ಎಂದು ಮಿರ್ಜಾ ಸಾಹೇಬರು ಆ ದಿನ ಯಾರಿಗೂ ಹೇಳಲಿಲ್ಲ.